ಆಟಗಾರನೂ ಅಭಿಮಾನಿಯೂ

ಬಟ್ಟೆ ಹೊದಿಸಿದ ಒಂದು ಮೇಜು. ಅದರ ಅಂಚಿನಲ್ಲಿ ಆರು ಕುಳಿಗಳು. ಮೇಲೆ ಬಣ್ಣಬಣ್ಣದ ಚೆಂಡುಗಳು. ಆಟಗಾರನು ನೀಳವಾದ ಕೋಲಿನಿಂದ ಬಿಳಿಯ ಚೆಂಡನ್ನು ಹೊಡೆದು, ಅದರ ತಾಕುವಿಕೆಯಿಂದ ಉಳಿದ ಚೆಂಡುಗಳನ್ನು ಕುಳಿಗೆ ಕೆಡಹಬೇಕು. ಇದೇ ಪೂಲ್ ಆಟ. ಬೆಂಗಳೂರಿನ ಪಂಕಜ್ ಅಡ್ವಾಣಿಯವರು ಅನೇಕ ಬಾರಿ ವಿಶ್ವವಿಜೇತರಾದ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆಟಗಳಿಗೆ ಇದು ಹತ್ತಿರದ ಬಂಧು. ಅಮೆರಿಕ, ಫಿಲಿಪ್ಪೀನ್ಸ್ ಮೊದಲಾದ ದೇಶಗಳಲ್ಲಿ ಈ ಆಟವನ್ನೇ ವೃತ್ತಿಯಾಗಿ ಕೈಗೊಂಡವರಿದ್ದಾರೆ. ಅವರಲ್ಲಿ ಕೆಲವರು ಜನರ ಮನಸ್ಸನ್ನು ಸೂರೆಗೊಂಡರು. ಅವರಷ್ಟೇ ನಿಪುಣರಾದ, ಕೆಲವೊಮ್ಮೆ ಅವರಿಗಿಂತ ಹೆಚ್ಚು ಗೆದ್ದ ಬೇರೆ ಕೆಲವರಿಗೆ ಆ ಭಾಗ್ಯ ಒದಗಲಿಲ್ಲ. ಈ ವ್ಯತ್ಯಾಸದ ಕಾರಣವು ಗೆಲುವುಗಳ ಪಟ್ಟಿಯಲ್ಲಿ ಸಿಕ್ಕುವುದಿಲ್ಲ. ನೋಡಲು ಬಂದ ಜನರೊಡನೆ ಆಟಗಾರನು ಹೇಗೆ ನಡೆದುಕೊಂಡನೆಂಬುದರಲ್ಲಿ ಅದನ್ನು ಹುಡುಕಬೇಕು.

ಕ್ರಿಕೆಟ್ ಆಟಗಾರನಿಗೂ ಮೈದಾನದ ಅಂಚಿನಲ್ಲಿ ಕುಳಿತ ಪ್ರೇಕ್ಷಕನಿಗೂ ನಡುವೆ ವಿಶಾಲವಾದ ಬಯಲಿರುತ್ತದೆ. ಆಟಗಾರನು ಹುಬ್ಬು ಗಂಟಿಕ್ಕಿದರೆ ಅದು ಅಷ್ಟು ದೂರಕ್ಕೆ ಕಾಣದು. ಪೂಲ್ ಆಟದಲ್ಲಿ ಹಾಗಲ್ಲ. ಪ್ರೇಕ್ಷಕರು ಹಲವೊಮ್ಮೆ ಮೇಜಿನಿಂದ ನಾಲ್ಕಾರು ಹೆಜ್ಜೆಗಳ ಅಂತರದಲ್ಲಿಯೇ ಕುಳಿತಿರುತ್ತಾರೆ. ಅದೂ ಅಲ್ಲದೆ, ಎದುರಾಳಿಯು ಗುರಿ ತಪ್ಪುವ ತನಕ ಆಟಗಾರನು ತನ್ನ ಕುರ್ಚಿಯಲ್ಲಿ ಕೈಕಟ್ಟಿ ಕಾಯಬೇಕು. ಆ ಹೊತ್ತಿನಲ್ಲಿ ಅವನ ಸ್ವಭಾವ ಮುಚ್ಚಿಡಲಾಗದಷ್ಟು ಬಯಲಾಗುತ್ತದೆ. ಎದುರಾಳಿಯ ಒಳ್ಳೆಯ ಹೊಡೆತಕ್ಕೆ ತಲೆದೂಗುವನೋ, ಮುಖ ಸಿಂಡರಿಸುವನೋ ಎಂಬುದನ್ನು ನೆರೆದವರೆಲ್ಲರೂ ನೋಡುತ್ತಾರೆ.

ಇದಕ್ಕೆ ಇಬ್ಬರು ಅಮೆರಿಕನ್ನರ ಕಥೆಯೇ ಸಾಕ್ಷಿ. ಫಿಲಡೆಲ್ಫಿಯಾ ನಗರದ ವಿಲ್ಲಿ ಮಾಸ್ಕೋನಿ 1941ರಿಂದ 1957ರವರೆಗಿನ ಅವಧಿಯಲ್ಲಿ ಹದಿನೈದು ಬಾರಿ ವಿಶ್ವವಿಜೇತನಾದನು. 1954ರಲ್ಲಿ ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಒಮ್ಮೆಯೂ ತಪ್ಪದೆ 526 ಚೆಂಡುಗಳನ್ನು ಕುಳಿಗೆ ಕೆಡಹಿದನು. ಆ ದಾಖಲೆ ದಶಕಗಳ ಕಾಲ ಉಳಿಯಿತು. ಅವನ ಉಡುಪು ಅಚ್ಚುಕಟ್ಟು, ಮಾತು ಮಿತ, ನಡೆ ಗಂಭೀರ. ಪೂಲ್ ಆಟವೆಂದರೆ ಜೂಜುಕೋರರ ಕಸುಬೆಂಬ ಅಪವಾದವನ್ನು ತೊಡೆಯಬೇಕೆಂಬುದು ಅವನ ಹಂಬಲವಾಗಿತ್ತು.

ಅದೇ ಕಾಲದ ರುಡಾಲ್ಫ್ ವಾಂಡರೋನ್ ಇದಕ್ಕೆ ತೀರ ವಿರುದ್ಧ. ಸ್ಥೂಲಕಾಯದ ಈ ಮಾತುಗಾರ ಯಾವ ದೊಡ್ಡ ಪಂದ್ಯಾವಳಿಯನ್ನೂ ಗೆದ್ದವನಲ್ಲ. 1961ರಲ್ಲಿ 'ದಿ ಹಸ್ಲರ್' ಎಂಬ ಚಲನಚಿತ್ರ ತೆರೆಕಂಡಾಗ, ಅದರಲ್ಲಿ ಬರುವ 'ಮಿನೆಸೋಟ ಫ್ಯಾಟ್ಸ್' ಎಂಬ ಪಾತ್ರ ತನ್ನನ್ನೇ ಕುರಿತದ್ದೆಂದು ಸಾರಿ, ಆ ಹೆಸರನ್ನೇ ಇಟ್ಟುಕೊಂಡುಬಿಟ್ಟನು! ಆ ಚಿತ್ರಕ್ಕೆ ಆಟದ ವಿಷಯದಲ್ಲಿ ಸಲಹೆ ನೀಡಿದವನು ಮಾಸ್ಕೋನಿ. ಅದರಿಂದ ಮನೆಮಾತಾದವನು ವಾಂಡರೋನ್. ಅವನ ಮಾತಿನಲ್ಲಿ ಬಡಾಯಿಯೇ ಹೆಚ್ಚು. ಆದರೂ ಬಂದವರನ್ನೆಲ್ಲ ಹಳೆಯ ಗೆಳೆಯರಂತೆ ಮಾತನಾಡಿಸುವ, ನಗಿಸುವ ಗುಣ ಅವನಲ್ಲಿತ್ತು. 1978ರ ಫೆಬ್ರವರಿ 14ರಂದು ನ್ಯೂಯಾರ್ಕಿನಲ್ಲಿ ಇವರಿಬ್ಬರ ನಡುವೆ ನಡೆದ ಪಂದ್ಯವನ್ನು ದೂರದರ್ಶನದಲ್ಲಿ ಅಸಂಖ್ಯ ಜನ ವೀಕ್ಷಿಸಿದರು. ಮಾಸ್ಕೋನಿ ನಿರಾಯಾಸವಾಗಿ ಗೆದ್ದನು. ಎದುರಾಳಿಯ ನಿಲ್ಲದ ಹರಟೆಯಿಂದ ಅವನು ಸಿಡಿಮಿಡಿಗೊಂಡದ್ದೂ ಜನರ ಕಣ್ಣಿಗೆ ಬಿತ್ತು. ಸೋತವನು ಮಾತ್ರ ನಗುತ್ತಲೇ ಇದ್ದನು.

ಇದು ಮಾಸ್ಕೋನಿಗಾದ ಅನ್ಯಾಯವೆಂದು ಯಾರಿಗಾದರೂ ತೋರಿದರೆ ಆಶ್ಚರ್ಯವಿಲ್ಲ. ಒಂದು ಜೀವಮಾನದ ಸಾಧನೆಯನ್ನು ಒಂದು ಹಾಸ್ಯದ ಮಾತು ಹಿಂದಿಕ್ಕುವುದು ಸರಿಯೆನಿಸುವುದಿಲ್ಲ. ಆದರೆ ಜನ ಮೋಸಹೋದರೆಂದು ಹೇಳುವುದೂ ತಪ್ಪು. ಯಾರು ಹೆಚ್ಚಿನ ಆಟಗಾರನೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಒಬ್ಬನ ಆಟವನ್ನು ಗೌರವಿಸಿದರು, ಇನ್ನೊಬ್ಬನ ಸಹವಾಸವನ್ನು ಬಯಸಿದರು. ಅಮೆರಿಕದ ಬಿಲಿಯರ್ಡ್ ಕಾಂಗ್ರೆಸ್ ಎಂಬ ಸಂಸ್ಥೆ ತನ್ನ ಗೌರವಪಟ್ಟಿಗೆ ಮಾಸ್ಕೋನಿಯನ್ನು 1968ರಲ್ಲಿ ಸೇರಿಸಿತು. 1984ರಲ್ಲಿ ವಾಂಡರೋನನನ್ನೂ ಸೇರಿಸಿತು. ಅವನು ಗೆದ್ದ ಪಂದ್ಯಗಳಿಗಾಗಿ ಅಲ್ಲ, ಆಟವನ್ನು ಜನರ ಬಳಿಗೆ ಕೊಂಡೊಯ್ದ ಸೇವೆಗಾಗಿ.

ಸ್ನೇಹಪರತೆಯೆಂದರೆ ವಾಚಾಳಿತನವೇ ಆಗಬೇಕೆಂದಿಲ್ಲ. ಫಿಲಿಪ್ಪೀನ್ಸ್ ದೇಶದ ಎಫ್ರೆನ್ ರೇಯೆಸ್ ಮಿತಭಾಷಿ. 1954ರಲ್ಲಿ ಜನಿಸಿದ ಅವರು ಬಾಲ್ಯದಲ್ಲಿ ಮನಿಲಾ ನಗರದ ಬಂಧುವೊಬ್ಬರ ಪೂಲ್ ಮನೆಯಲ್ಲಿ ಕೆಲಸಕ್ಕಿದ್ದು, ರಾತ್ರಿ ಆಟದ ಮೇಜಿನ ಮೇಲೆಯೇ ಮಲಗುತ್ತಿದ್ದರು. ಮೇಜು ಎಟುಕದಿದ್ದಾಗ ಪಾನೀಯದ ಪೆಟ್ಟಿಗೆಗಳ ಮೇಲೆ ನಿಂತು ಆಡುತ್ತಿದ್ದರು. 1999ರಲ್ಲಿ ಕಾರ್ಡಿಫ್ ನಗರದಲ್ಲಿ ಒಂಬತ್ತು ಚೆಂಡಿನ ಆಟದ ವಿಶ್ವವಿಜೇತರಾದ ಮೇಲೂ ಅವರ ನಡೆನುಡಿಯ ಸರಳತೆ ಕುಂದಲಿಲ್ಲ. ಅಸಾಧ್ಯವೆನಿಸಿದ ಹೊಡೆತ ಫಲಿಸಿದಾಗ ಬೀಗುವುದಿಲ್ಲ. ಸುಲಭದ ಹೊಡೆತ ತಪ್ಪಿದಾಗ ತಲೆ ಕೆರೆದುಕೊಂಡು ಮುಗುಳ್ನಗುತ್ತಾರೆ. ಆ ನಗೆಯೇ ಪ್ರೇಕ್ಷಕರಿಗೆ ಅವರು ಆಡುವ ಮಾತು.

ಅವರ ಬಹುಕಾಲದ ಎದುರಾಳಿ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್. 1996ರಲ್ಲಿ ಹಾಂಗ್‌ಕಾಂಗಿನಲ್ಲಿ ಮೂರು ದಿನಗಳ ಕಾಲ ನಡೆದ ಪಂದ್ಯದಲ್ಲಿ ರೇಯೆಸ್ 120–117ರಿಂದ ಗೆದ್ದರೆಂದರೆ, ಇಬ್ಬರ ಶಕ್ತಿಯೂ ಎಷ್ಟು ಸರಿಸಮವಾಗಿತ್ತೆಂಬುದು ತಿಳಿಯುತ್ತದೆ. ಸ್ಟ್ರಿಕ್‌ಲ್ಯಾಂಡ್ ಮೂರು ಬಾರಿ ವಿಶ್ವವಿಜೇತರು. ಅಮೆರಿಕದ ಓಪನ್ ಪಂದ್ಯಾವಳಿಯನ್ನು ಐದು ಬಾರಿ ಗೆದ್ದವರು. ಆದರೆ ಆಟದ ನಡುವೆ ಪ್ರೇಕ್ಷಕರೊಡನೆ ವಾಗ್ವಾದಕ್ಕಿಳಿಯುವುದು ಅವರ ಕೀರ್ತಿಗೆ ಅಂಟಿಕೊಂಡಿತು. ಅವರಿಗೂ ಅಭಿಮಾನಿಗಳಿದ್ದಾರೆ, ನಿಜ. ಕೋಪವೂ ಒಂದು ಬಗೆಯ ನೋಟವಾದ್ದರಿಂದ ಅದನ್ನು ನೋಡಲೆಂದೇ ಬರುವವರುಂಟು. ಹಾಗೆ ಬಂದವರು ಆಟಗಾರನು ಸೋತಾಗ ಮರುಗುವರೇ ಎಂಬುದು ಬೇರೆ ಮಾತು.

ಇಲ್ಲಿ ಅಭಿಮಾನಿಯ ಹೊಣೆಯನ್ನೂ ಮರೆಯಲಾಗದು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಚೆಂಡು ಕುಳಿಯ ಅಂಚಿಗೆ ಬಡಿದು ಹಿಂದಿರುಗುವ ಆಟವಿದು. ಹೊಡೆತದ ಕ್ಷಣದಲ್ಲಿ ಗದ್ದಲ ಮಾಡಿ, ಆಟಗಾರನು ಸಿಟ್ಟಾದೊಡನೆ ಅವನನ್ನು ದುರಹಂಕಾರಿಯೆಂದು ಜರೆಯುವುದು ನ್ಯಾಯವಲ್ಲ. ಸ್ವಭಾವತಃ ಸಂಕೋಚದವನು ಹಸ್ತಾಕ್ಷರ ಹಾಕಿ ಮೌನವಾಗಿ ನಡೆದುಹೋದರೆ ಅದು ಗರ್ವವೂ ಅಲ್ಲ. ಆಟಗಾರನಿಂದ ನಿರೀಕ್ಷಿಸಬಹುದಾದುದು ಇಷ್ಟೇ: ಪಂದ್ಯ ಮುಗಿದ ಮೇಲೆ, ತನಗಾಗಿ ಕಾದು ನಿಂತವರನ್ನು ಕಂಡೂ ಕಾಣದವನಂತೆ ಹೋಗದಿರುವುದು.

2022ರ ಮೇ ತಿಂಗಳಿನಲ್ಲಿ ವಿಯೆಟ್ನಾಂ ದೇಶದಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟ ನಡೆಯಿತು. ಆಗ ರೇಯೆಸ್ ಅವರಿಗೆ ಅರುವತ್ತೇಳು ವರ್ಷ. ಕುಳಿಗಳೇ ಇಲ್ಲದ ಮೇಜಿನ ಮೇಲೆ ಆಡುವ ಕ್ಯಾರಮ್ ಎಂಬ ಆಟದಲ್ಲಿ ಅವರಿಗೆ ದೊರೆತದ್ದು ಕಂಚಿನ ಪದಕ. ತಮ್ಮ ದೇಶದ ಆಟಗಾರರೇ ಕಣದಲ್ಲಿದ್ದರೂ ವಿಯೆಟ್ನಾಮಿನ ಜನ ಈ ಪರದೇಶದ ಹಿರಿಯರನ್ನು ನೋಡಲು ಕಿಕ್ಕಿರಿದು ನೆರೆದಿದ್ದರು.