ಇಂಡೀ ರಾಕ್ ವಿಡಿಯೊಗೆ ಇಂಡೀ ರಾಕ್ ಕಟ್ಟಳೆ ಬೇಕೇ?

ಪರ-ವಿರೋಧ

ಕಾಲೇಜು ಪ್ರಾಜೆಕ್ಟಿಗೆಂದು ಮ್ಯೂಸಿಕ್ ವಿಡಿಯೊ ಮಾಡುವ ಹುಡುಗ ಹುಡುಗಿಯರಿಗೆ ತುಮಕೂರಿನಲ್ಲಿ ಈಗ ಕಮ್ಮಿಯಿಲ್ಲ. ಹಾಡು ಇಂಡೀ ರಾಕ್ ಆಗಿದ್ದರೆ, ಆ ಪ್ರಕಾರದ ರೂಢಿಗಳನ್ನು ಎದುರಿಗಿಟ್ಟುಕೊಂಡೇ ಶೂಟಿಂಗ್ ಯೋಜನೆ ಹಾಕಬೇಕೇ? ಅಥವಾ ಅವನ್ನು ಬದಿಗಿಟ್ಟು ಹೊರಡಬೇಕೇ? ಸದಾಶಿವನಗರದ ಇಬ್ಬರನ್ನು ಕೇಳಿದೆವು.

ಪರ: ಕಟ್ಟಳೆ ಬಿಟ್ಟವರು ಹೋಗಿ ಸೇರುವುದು ಪ್ರೀ-ವೆಡ್ಡಿಂಗಿಗೆ

(ಬರೆದವರು: ಮದುವೆ ವಿಡಿಯೊ ಎಡಿಟರ್)

"ನಮಗೆ ಯಾವ ಫಾರ್ಮುಲಾನೂ ಬೇಡ ಸಾರ್, ನಮ್ದೇ ಸ್ಟೈಲಲ್ಲಿ ಮಾಡ್ತೀವಿ" ಎಂದು ಹೋದ ಹುಡುಗರು ಹಾರ್ಡ್ ಡಿಸ್ಕ್ ತುಂಬಿಸಿಕೊಂಡು ಬಂದಾಗ, ಒಳಗೆ ಏನಿದೆ ಅನ್ನುವುದು ತೆರೆಯುವ ಮುಂಚೆಯೇ ನನಗೆ ಗೊತ್ತಿರುತ್ತದೆ. ದೇವರಾಯನದುರ್ಗದ ತಿರುವಿನಲ್ಲಿ ಹಾಡುಗಾರ ನಮಗೆ ಬೆನ್ನು ಹಾಕಿ ಸ್ಲೋ ಮೋಷನ್‌ನಲ್ಲಿ ನಡೆಯುತ್ತಾನೆ. ಬಂಡೆ ಹತ್ತಿ ಎರಡೂ ಕೈ ಚಾಚುತ್ತಾನೆ. ಡ್ರೋನ್ ಮೇಲೆದ್ದು ಅವನನ್ನು ಒಂದು ಸುತ್ತು ಹಾಕುತ್ತದೆ. ಕೊನೆಗೆ ಅಮಾನಿಕೆರೆಯ ನೀರಿನಾಚೆ ಸೂರ್ಯ ಮುಳುಗುತ್ತಾನೆ. ಇದು ಯಾರ ಸ್ಟೈಲೂ ಅಲ್ಲ, ಪ್ರೀ-ವೆಡ್ಡಿಂಗ್. ಇದನ್ನೇ ಕತ್ತರಿಸಿ ಜೋಡಿಸಿ ನಾನು ಅಂಗಡಿ ಬಾಡಿಗೆ ಕಟ್ಟುವುದು. ಮದುಮಗಳು ಇರಬೇಕಾದ ಜಾಗದಲ್ಲಿ ಗಿಟಾರ್ ಇದೆ, ಅಷ್ಟೇ ವ್ಯತ್ಯಾಸ.

ಕಟ್ಟಳೆಯೇ ಇಲ್ಲದೆ ಕ್ಯಾಮೆರಾ ಹಿಡಿಯುವವರು ಯಾರೂ ಇಲ್ಲ. ಒಂದನ್ನು ನೀವಾಗಿ ಆರಿಸಿಕೊಳ್ಳದಿದ್ದರೆ, ಯಾವುದು ಹೆಚ್ಚು ಸಲ ಕಣ್ಣಿಗೆ ಬಿದ್ದಿದೆಯೋ ಅದೇ ನಿಮ್ಮ ಕೈ ಹಿಡಿದು ನಡೆಸುತ್ತದೆ. ನಮ್ಮ ಊರಿನಲ್ಲಿ ಹೆಚ್ಚು ಸಲ ಕಣ್ಣಿಗೆ ಬಿದ್ದಿರುವುದು ಸಿನಿಮಾ ಹಾಡು ಮತ್ತು ಮದುವೆ ವಿಡಿಯೊ. ಎರಡಕ್ಕೂ ದುಡ್ಡು ಬೇಕು. ಇಂಡೀ ರಾಕ್ ಕಟ್ಟಳೆ ಹುಟ್ಟಿದ್ದೇ ದುಡ್ಡಿಲ್ಲದವರ ಮನೆಯಲ್ಲಿ ಅಥವಾ ದುಡ್ಡಿದ್ದರೂ ಹಾಗೆ ಕಾಣಲು ಇಷ್ಟಪಡದವರ ಮನೆಯಲ್ಲಿ. 2001ರಲ್ಲಿ ದಿ ಸ್ಟ್ರೋಕ್ಸ್ ತಂಡ 'ಲಾಸ್ಟ್ ನೈಟ್' ಹಾಡಿಗೆ ಏನು ಮಾಡಿತು? ಒಂದು ಸಾದಾ ಸೆಟ್ಟಿನಲ್ಲಿ ನಿಂತು, ತುಟಿ ಆಡಿಸುವ ನಾಟಕ ಬೇಡವೆಂದು ಅಲ್ಲೇ ನುಡಿಸಿತು. 2005ರಲ್ಲಿ ಆರ್ಕ್‌ಟಿಕ್ ಮಂಕೀಸ್ ಹುಡುಗರು ಎಂಬತ್ತರ ದಶಕದ ಹಳೇ ಟಿವಿ ಸ್ಟುಡಿಯೊ ಕ್ಯಾಮೆರಾಗಳ ಮುಂದೆ ನಿಂತರು. 2006ರಲ್ಲಿ ಓಕೆ ಗೋ ತಂಡದ ನಾಲ್ವರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಒಂದೇ ಟೇಕಿನಲ್ಲಿ ಕುಣಿದರು, ಮರುವರ್ಷ ಗ್ರ್ಯಾಮಿ ತಗೊಂಡರು. ಕ್ರೇನಿಲ್ಲ, ಹೆಲಿಕಾಪ್ಟರಿಲ್ಲ, ಸ್ವಿಟ್ಜರ್ಲೆಂಡಿಲ್ಲ. ಸದಾಶಿವನಗರದ ಪಿಜಿ ಹುಡುಗನ ಜೇಬಿಗೆ ಇದಕ್ಕಿಂತ ಹೊಂದುವ ಕಟ್ಟಳೆ ಬೇರೆ ಯಾವುದಿದೆ, ತೋರಿಸಿ.

ಈಗ ಲೆಕ್ಕಕ್ಕೆ ಬನ್ನಿ. ಇದನ್ನು ಯಾರೂ ಕ್ಲಾಸಿನಲ್ಲಿ ಹೇಳಿಕೊಡುವುದಿಲ್ಲ. ನಾಲ್ಕು ನಿಮಿಷದ ಹಾಡು ಅಂದರೆ 240 ಸೆಕೆಂಡು. ಮೂರು ಸೆಕೆಂಡಿಗೊಂದು ಕಟ್ ಅಂದುಕೊಂಡರೂ 80 ಶಾಟ್ ಬೇಕು. ಎಂಬತ್ತು ಹೊಸ ಶಾಟ್ ಯೋಚಿಸುವಷ್ಟು ತಲೆ ಯಾವ ವಿದ್ಯಾರ್ಥಿಗೂ ಇಲ್ಲ, ನನಗೂ ಇಲ್ಲ. ಆದರೆ ಇಂಡೀ ರಾಕ್‌ನ ಹಳೇ ಪದ್ಧತಿಯೇನು? ಅರ್ಧ ವಿಡಿಯೊ ಬ್ಯಾಂಡ್ ನುಡಿಸುವುದು, ಅರ್ಧ ಕತೆ. ಬ್ಯಾಂಡ್ ನುಡಿಸುವ ಭಾಗವನ್ನು ಒಂದೇ ಮಧ್ಯಾಹ್ನ, ಒಂದೇ ಕೋಣೆಯಲ್ಲಿ ಮುಗಿಸಬಹುದು. ಸ್ಪೀಕರಿನಲ್ಲಿ ಹಾಡು ಹಾಕಿ ಮೊದಲು ಎಲ್ಲರೂ ಕಾಣುವಂತೆ ಒಂದು ವೈಡ್, ಪೂರ್ತಿ ಹಾಡು. ಮತ್ತೆ ಅದೇ ಹಾಡು, ಹಾಡುಗಾರನ ಮುಖ. ಮತ್ತೆ ಅದೇ ಹಾಡು, ಗಿಟಾರಿನ ಮೇಲೆ ಓಡುವ ಬೆರಳು. ಮತ್ತೆ ಡ್ರಮ್ಮರ್, ಬೇಸ್, ತಾಳ ಹಾಕುವ ಕಾಲು. ಎಲ್ಲವೂ ಒಂದೇ ಹಾಡಿಗೆ ಕೂಡಿರುವುದರಿಂದ ಟೈಮ್‌ಲೈನಿನಲ್ಲಿ ಒಂದರ ಮೇಲೊಂದು ಇಟ್ಟರೆ ಎಲ್ಲಿ ಬೇಕಾದರೂ ಕತ್ತರಿಸಬಹುದು. ನಲವತ್ತು ಶಾಟ್ ಸಿಕ್ಕಿತು. ಹೊಸದಾಗಿ ಯೋಚಿಸಬೇಕಾದ್ದು ಇನ್ನು ನಲವತ್ತು ಮಾತ್ರ.

ಇದರ ನಿಜವಾದ ಬೆಲೆ ಗೊತ್ತಾಗುವುದು ಎಡವಟ್ಟಾದಾಗ. ಕತೆಯ ನಾಯಕಿ ಎರಡನೇ ದಿನ ಬರುವುದಿಲ್ಲ. ಇಂಟರ್ನಲ್ಸ್ ಅನ್ನುತ್ತಾಳೆ, ಇಲ್ಲ ಮನೆಯಲ್ಲಿ ಬೇಡ ಅಂದರು ಅನ್ನುತ್ತಾಳೆ. ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಅನುಮತಿ ಪತ್ರ ಕೇಳುತ್ತಾರೆ. ಮಳೆ ಹಿಡಿಯುತ್ತದೆ. ಆಗ ಕತೆಯಲ್ಲಿ ಬಿದ್ದ ತೂತನ್ನೆಲ್ಲ ಬ್ಯಾಂಡಿನ ಶಾಟ್ ಮುಚ್ಚುತ್ತದೆ, ನೋಡುವವರಿಗೆ ತೂತಿತ್ತು ಅಂತಲೂ ಗೊತ್ತಾಗುವುದಿಲ್ಲ. ಅಭ್ಯಾಸದ ಕೋಣೆಯಲ್ಲಿ ಶೂಟ್ ಮಾಡಲು ಮನೆ ಓನರ್ ಆಂಟಿ ಒಪ್ಪಿದರೆ ಸಾಕು, ಇಲಾಖೆಗಳಿಗೆ ಅಲೆಯಬೇಕಿಲ್ಲ. ಕಟ್ಟಳೆ ಅಂದರೆ ಕೈಕೋಳ ಅನ್ನುವವರು ಒಮ್ಮೆ ಸಬ್ಮಿಷನ್ ಹಿಂದಿನ ರಾತ್ರಿ ನನ್ನ ಅಂಗಡಿಯಲ್ಲಿ ಕೂತು ನೋಡಲಿ.

ಮತ್ತೊಂದು ವಿಷಯ. ಕಟ್ಟಳೆ ಅನುಸರಿಸಲು ಹೊರಟವನೇ ಕೆಲಸ ಕಲಿಯುತ್ತಾನೆ. ಆ ಮಾಸಲು ಕೋಣೆಯ ನೋಟ ಬೇಕೆಂದು ಟ್ಯೂಬ್‌ಲೈಟಿನ ಕೆಳಗೆ ಮೊಬೈಲ್ ಹಿಡಿದಾಗ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ. ಯಾಕೆ? ನಮ್ಮ ಕರೆಂಟು 50 ಹರ್ಟ್ಸ್, ಫೋನು ತಾನಾಗಿ ಆರಿಸಿಕೊಂಡಿರುವುದು ಸೆಕೆಂಡಿಗೆ 30 ಫ್ರೇಮ್. ಅದನ್ನು 25ಕ್ಕೆ ತಂದು ಶಟರ್ 1/50ಕ್ಕೆ ಇಟ್ಟರೆ ಪಟ್ಟಿ ಮಾಯ. ಹಾಡುಗಾರ ನಿಧಾನಕ್ಕೆ ತೇಲುವಂತಿರಬೇಕು, ತುಟಿ ಮಾತ್ರ ಹಾಡಿಗೆ ಕೂಡಬೇಕು ಅನ್ನುವ ಆಸೆಯೇ? ಸೆಕೆಂಡಿಗೆ 50 ಫ್ರೇಮ್ ಇಟ್ಟು, ಸ್ಪೀಕರಿನಲ್ಲಿ ಹಾಡನ್ನು ದುಪ್ಪಟ್ಟು ವೇಗಕ್ಕೆ ಬಿಟ್ಟು, ಅವನು ಅದೇ ವೇಗಕ್ಕೆ ಬಾಯಾಡಿಸಬೇಕು. ಪಕ್ಕದಲ್ಲಿ ನಿಂತವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಎಡಿಟಿಂಗಿನಲ್ಲಿ 25ಕ್ಕೆ ಇಳಿಸಿದ ಮೇಲೆ ಯಾರೂ ನಗುವುದಿಲ್ಲ. ಹಾಡು ನಿಮಿಷಕ್ಕೆ 150 ಬೀಟ್ ಇದ್ದರೆ, 25 ಫ್ರೇಮಿನ ಲೆಕ್ಕದಲ್ಲಿ ಬೀಟಿಗೆ ಸರಿಯಾಗಿ ಹತ್ತು ಫ್ರೇಮ್. ಕಟ್ ಎಲ್ಲಿ ಬೀಳಬೇಕು ಅನ್ನುವುದನ್ನು ಕಣ್ಣು ಮುಚ್ಚಿಕೊಂಡು ಹೇಳಬಹುದು.

ಇದೆಲ್ಲ ಪರದೇಶದ್ದು, ನಮ್ಮ ಮಣ್ಣಿನದಲ್ಲ ಅನ್ನುತ್ತೀರಾ? ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ, ಇಲ್ಲೇ ಪಕ್ಕದಲ್ಲಿ. ನಮ್ಮ ಕಂಪನಿ ನಾಟಕಗಳು ಬಣ್ಣದ ಪರದೆ, ಸೀನು ಸೀನರಿಗಳನ್ನು ಕಲಿತದ್ದು ಪಾರ್ಸಿ ಕಂಪನಿಗಳಿಂದ. ಪಕ್ಕದಲ್ಲಿ ಕೂತ ಹಾರ್ಮೋನಿಯಂ ಬಂದದ್ದು ಯುರೋಪಿನಿಂದ. ಆ ಕಂಪನಿಯ ಗುಬ್ಬಿ ವೀರಣ್ಣನವರ ನಾಟಕ ನಮ್ಮದಲ್ಲ ಎಂದು ಯಾರಾದರೂ ಅಂದಾರೆಯೇ? 1981ರ 'ಗೀತಾ'ದಲ್ಲಿ ಶಂಕರ್‌ನಾಗ್ ಕೈಯಲ್ಲಿ ಗಿಟಾರ್ ನೋಡಿದ ಕನ್ನಡಿಗರು ಪಾಸ್‌ಪೋರ್ಟ್ ಕೇಳಲಿಲ್ಲ. ಈ ಆಕ್ಷೇಪಕ್ಕೆ ಇದಕ್ಕಿಂತ ಹೆಚ್ಚು ಸಮಯ ಕೊಡಲಾರೆ.

ಎಲ್ಲ ವಿಡಿಯೊಗಳೂ ಒಂದೇ ಥರ ಕಾಣುತ್ತವೆ ಅನ್ನುವುದು ಇನ್ನೊಂದು ದೂರು. ಕಾಣುತ್ತವೆ, ಇಲ್ಲ ಅನ್ನುವುದಿಲ್ಲ. ಫೋಲ್ಡರಿನ ಹೆಸರು ಓದದೆ ಯಾವ ಬ್ಯಾಂಡು ಅಂತ ಹೇಳುವುದು ನನಗೂ ಕಷ್ಟ. ಆದರೆ ಅವು ಮುಗಿದಿರುತ್ತವೆ. ಸ್ವಂತ ಸ್ಟೈಲಿನವು ಈಗಲೂ ನನ್ನ ಹಾರ್ಡ್ ಡಿಸ್ಕಿನಲ್ಲಿ ಅರ್ಧಕ್ಕೆ ನಿಂತಿವೆ.

ವಿರೋಧ: ಪಟ್ಟಿ ನೋಡಿ ಮಾಡಿದ್ದು ಪಟ್ಟಿಯಂತೆಯೇ ಇರುತ್ತದೆ

(ಬರೆದವರು: ಮಾಧ್ಯಮ ವಿಭಾಗದ ಉಪನ್ಯಾಸಕಿ)

ಈ ವಿಷಯದಲ್ಲಿ ವಿರೋಧದ ಪಕ್ಷ ವಹಿಸಬೇಕೆಂದು ಸಂಪಾದಕರು ನಿನ್ನೆ ಕೇಳಿದರು. ನನ್ನ ಅಂಶಗಳನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದಾಗಿ, ಈ ರೂಢಿಗಳ ಪಟ್ಟಿ ಬಂದದ್ದು ಎಲ್ಲಿಂದ ಎಂದು ನೋಡಬೇಕು. ನಾವು ತರಗತಿಯಲ್ಲಿ ಕಲಿಸುವುದು ಆಂಡ್ರ್ಯೂ ಗುಡ್ವಿನ್ 1992ರ ಪುಸ್ತಕದಲ್ಲಿ ಮಾಡಿದ ವಿಶ್ಲೇಷಣೆಯನ್ನು: ಪ್ರಕಾರಕ್ಕೊಂದು ದೃಶ್ಯರೂಢಿ, ಸಾಹಿತ್ಯಕ್ಕೂ ದೃಶ್ಯಕ್ಕೂ ಇರುವ ಸಂಬಂಧ, ಸಂಗೀತಕ್ಕೂ ದೃಶ್ಯಕ್ಕೂ ಇರುವ ಸಂಬಂಧ, ಕಲಾವಿದರ ಕ್ಲೋಸಪ್ ಬೇಕೆನ್ನುವ ರೆಕಾರ್ಡ್ ಕಂಪನಿಯ ಒತ್ತಾಯ ಇತ್ಯಾದಿ. 1981ರಲ್ಲಿ ಶುರುವಾದ ಎಂಟಿವಿಯಲ್ಲಿ ಬಂದ ವಿಡಿಯೊಗಳಲ್ಲಿ ಏನಿದೆ ಎಂದು ಅವರು ಹೇಳಿದರು. ಹೀಗೇ ಮಾಡಿ ಎಂದು ಹೇಳಲಿಲ್ಲ. ವರ್ಣನೆಯೇ ಕ್ರಮೇಣ ವಿಧಿಯಾಗಿದೆ. ಹಾಡುಗಾರನ ಮುಖ ಮಾರಬೇಕಾದ ಕಂಪನಿಗೆ ಕ್ಲೋಸಪ್ ಬೇಕಿತ್ತು. ನಮ್ಮ ಎರಡನೇ ವರ್ಷದ ವಿದ್ಯಾರ್ಥಿಯ ಹಿಂದೆ ಯಾವ ಕಂಪನಿಯೂ ಇಲ್ಲ. ಆದರೂ ಪ್ರತಿ ಯೋಜನೆಯಲ್ಲೂ ಕ್ಲೋಸಪ್‌ಗಳ ಪಟ್ಟಿ ಇರುತ್ತದೆ. ಯಾಕೆ ಎಂದು ಕೇಳಿದರೆ "ನೋಟ್ಸಲ್ಲಿದೆ ಮ್ಯಾಮ್" ಎಂಬ ಉತ್ತರ ಬರುತ್ತದೆ.

ಎರಡನೆಯದಾಗಿ, ಹಳೆಯದರಂತೆ ಕಾಣಿಸುವ ಹವ್ಯಾಸ. ಆರ್ಕ್‌ಟಿಕ್ ಮಂಕೀಸ್ ತಂಡ ಹಳೇ ಕ್ಯಾಮೆರಾವನ್ನೇ ತಂದು ನಿಲ್ಲಿಸಿದ್ದಕ್ಕೆ ಅರ್ಥವಿತ್ತು. ಹಳೇ ಟಿವಿ ಕಾರ್ಯಕ್ರಮಗಳ ನೋಟವೇ ಅವರಿಗೆ ಬೇಕಿತ್ತು. ನಮ್ಮವರು ಫೋನಿನಲ್ಲಿ ತೆಗೆದು, ಆ್ಯಪ್‌ನಲ್ಲಿ ಗೀರು, ಮಚ್ಚೆ ಎಳೆದು, ಚೌಕದಂಥ ಚೌಕಟ್ಟು ಹಾಕುತ್ತಾರೆ. ವಿಎಚ್‌ಎಸ್ ಕ್ಯಾಸೆಟ್ಟನ್ನು ಕೈಯಲ್ಲಿ ಹಿಡಿದೇ ನೋಡದವರಿಗೆ ಅದರ ನೆನಪು ಎಲ್ಲಿಂದ ಬರಬೇಕು? ಅವರ ಮನೆಯಲ್ಲಿ ಹಳೆಯದಾಗಿದ್ದುದು ದೂರದರ್ಶನದ ಚಂದನ ಮತ್ತು ಅಪ್ಪನ ಮದುವೆಯ ಫೋಟೊ ಆಲ್ಬಂ.

ಮೂರನೆಯದಾಗಿ, ಕನ್ನಡದ ಕೇಳುಗರು ಮೊದಲು ಕಿವಿಗೊಡುವುದು ಸಾಹಿತ್ಯಕ್ಕೆ. ಭಾವಗೀತೆಯ ಕ್ಯಾಸೆಟ್ಟುಗಳು ಮಾಡಿಸಿದ ಅಭ್ಯಾಸ ಅದು. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದಾಗ ಜನ ಪದ ಪದವನ್ನೂ ಬಾಯಿಪಾಠ ಮಾಡಿದರು. ಬೀಟಿಗೊಂದು ಕಟ್ ಹಾಕುತ್ತಾ ಹೋದರೆ ದೀರ್ಘ ಸ್ವರದ ನಡುವೆಯೇ ಮುಖ ಬದಲಾಗುತ್ತದೆ, ಮಾತು ಮುರಿಯುತ್ತದೆ. ಹತ್ತು ಫ್ರೇಮಿನ ಲೆಕ್ಕ ಇಂಗ್ಲಿಷ್ ಹಾಡಿಗೆ ಸರಿಹೋಗಬಹುದು. ಕನ್ನಡ ಹಾಡಿಗೆ ಸಾಲು ಮುಗಿಯುವವರೆಗೆ ಕಾಯುವ ತಾಳ್ಮೆ ಬೇಕು.

ನಾಲ್ಕನೆಯದಾಗಿ, ರಘು ದೀಕ್ಷಿತ್ ಅವರ ಉದಾಹರಣೆ. 2008ರ ಮೊದಲ ಆಲ್ಬಮ್ಮಿನಲ್ಲೇ ಶರೀಫರ ಪದಗಳನ್ನು ಗಿಟಾರಿಗೆ ಕೂಡಿಸಿ, ಲುಂಗಿಯುಟ್ಟು, ಗೆಜ್ಜೆ ಕಟ್ಟಿ ವೇದಿಕೆಗೆ ಬಂದವರು ಅವರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೂ ಹೋಗಿ ಬಂದರು. ಯಾವ ಪಟ್ಟಿಯಲ್ಲೂ ಲುಂಗಿ ಇರಲಿಲ್ಲ. ಲುಂಗಿಯ ಹಿಂದೆ ನಿಂತಿದ್ದುದು ಗಿಟಾರ್, ಬೇಸ್, ಡ್ರಮ್ಸ್ ಇರುವ ಪಕ್ಕಾ ರಾಕ್ ಬ್ಯಾಂಡೇ ಎಂಬುದು ನಿಜ. ಅದನ್ನು ಪರದವರು ತಮ್ಮ ಕಡೆಗೆ ಎಳೆದುಕೊಂಡರೆ ತಡೆಯಲಾರೆ.

ಐದನೆಯದಾಗಿ, ಊರು. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡು ಕೇಳಿದ ಎಷ್ಟೋ ಮಂದಿ ಆ ಕೆರೆಯನ್ನು ಕಂಡವರಲ್ಲ, ಹಾಡಿನಲ್ಲೇ ಕಂಡಿದ್ದಾರೆ. ನಮ್ಮ ವಿದ್ಯಾರ್ಥಿಗಳ ಇಂಡೀ ವಿಡಿಯೊಗಳಲ್ಲಿ ಕಾಣುವುದು ಸುಣ್ಣ ಉದುರಿದ ಗೋಡೆ, ಖಾಲಿ ಗೋಡೌನು, ನಿಯಾನ್ ದೀಪ. ಇದು ತುಮಕೂರೋ ಮ್ಯಾಂಚೆಸ್ಟರೋ ಗೊತ್ತಾಗುವುದಿಲ್ಲ. ಬೆಳಗಿನ ಬೆಂಗಳೂರು ರೈಲಿಗೆ ಪಾಸ್ ಹಿಡಿದು ಓಡುವವರು, ಬಿ.ಎಚ್. ರಸ್ತೆಯ ಬಸ್ಸುಗಳು, ಸಿದ್ಧಗಂಗೆಯ ಜಾತ್ರೆಯ ದನಗಳ ಸಾಲು, ಗಾಜಿನ ಮನೆಯ ಬಿಸಿಲು ಇವೆಲ್ಲ ಹೊರಗೇ ಉಳಿಯುತ್ತವೆ. ಸಿಂಟೆಕ್ಸ್ ಟ್ಯಾಂಕಿನ ಪಕ್ಕ ನಿಂತು ನುಡಿಸಿದರೂ, ಅದು ಫ್ರೇಮಿನಲ್ಲಿ ಬರದಂತೆ ಕ್ಯಾಮೆರಾ ತಿರುಗಿಸುತ್ತಾರೆ. ಕಟ್ಟಳೆಯ ಬಗ್ಗೆ ನನ್ನ ಮುಖ್ಯ ತಕರಾರು ಇದು: ಏನನ್ನು ತೋರಿಸಬೇಕೆಂದು ಹೇಳುವುದಕ್ಕಿಂತ ಹೆಚ್ಚಾಗಿ, ಏನನ್ನು ಮುಚ್ಚಬೇಕೆಂದು ಅದು ಹೇಳಿಕೊಡುತ್ತದೆ. ದೇವರಾಯನದುರ್ಗದಲ್ಲಿ ಕೈ ಚಾಚುವುದೂ ಬೇಡ, ಗೋಡೌನಿನಲ್ಲಿ ತಲೆ ತಗ್ಗಿಸುವುದೂ ಬೇಡ. ಇವೆರಡರ ನಡುವೆ ಒಂದು ಇಡೀ ಊರಿದೆ.

ಆರನೆಯದು ಅಂಕಗಳ ವಿಷಯ. ಪ್ರಕಾರದ ರೂಢಿ ಪಾಲಿಸಿದ್ದಕ್ಕೆ ಅಂಕ ಇಟ್ಟರೆ ವಿದ್ಯಾರ್ಥಿ ರೂಢಿಯನ್ನೇ ಕೊಡುತ್ತಾನೆ. ಅವನನ್ನು ದೂರಿ ಫಲವಿಲ್ಲ. ಹಾಗೆಂದು ಆ ಕಾಲಂ ಅನ್ನು ತೆಗೆದೇ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಮೌಲ್ಯಮಾಪನ ಮಾಡುವವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಯಾವ ಆಧಾರವೂ ಇಲ್ಲದೆ ಹೊರಟ ತಂಡಗಳು ಗಡುವಿಗೆ ಮುಗಿಸುವುದು ಅಪರೂಪ ಎಂಬುದನ್ನೂ ಒಪ್ಪಬೇಕಾಗುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು. ಬ್ಯಾಂಡ್ ನುಡಿಸುವ ಅರ್ಧಕ್ಕೆ ಹಳೇ ಕಟ್ಟಳೆಯೇ ಇರಲಿ, ಅದರಿಂದ ಕೆಲಸ ಸಾಗುತ್ತದೆ. ಕತೆಯ ಅರ್ಧಕ್ಕೆ ನೋಟ್ಸ್ ಮುಚ್ಚಿಡಲಿ. ಆ ನಲವತ್ತು ಶಾಟುಗಳನ್ನು ತಮ್ಮ ಓಣಿಯಿಂದಲೇ ತರಲಿ, ಟ್ಯಾಂಕೂ ಫ್ರೇಮಿನಲ್ಲಿ ಬರಲಿ. ಇದು ಪೂರ್ತಿ ವಿರೋಧವಾಯಿತೋ ಇಲ್ಲವೋ, ಸಂಪಾದಕರೇ ನಿರ್ಧರಿಸಲಿ.