ಅರಮನೆ ಲೈಟಿಂಗ್ ಫೋಟೋ ಯಾಕಿಲ್ಲ ಅಂದ್ರೆ

1/8
ಮೂರು ದಿನದಿಂದ ಎಲ್ಲರದ್ದೂ ಒಂದೇ ಪ್ರಶ್ನೆ. "ಮೈಸೂರಿಗೆ ಹೋಗಿದ್ಯಲ್ಲೇ, ಭಾನುವಾರಾನೂ ಅಲ್ಲೇ ಇದ್ರಲ್ಲ, ಅರಮನೆ ಲೈಟಿಂಗ್ ಫೋಟೋ ಎಲ್ಲಿ?" ಒಬ್ಬೊಬ್ಬರಿಗೂ ರಿಪ್ಲೈ ಮಾಡಿ ಸಾಕಾಯ್ತು, ಅದಕ್ಕೆ ಇಲ್ಲೇ ಬರೀತಿದ್ದೀನಿ. ಫೋಟೋ ಇಲ್ಲ. ನಾವು ಲೈಟಿಂಗ್ ನೋಡ್ಲೇ ಇಲ್ಲ.

ಭಾನುವಾರ ಅರಮನೆಗೆ ದೀಪ ಹಾಕೋದು ಸಂಜೆ 7ಕ್ಕೆ. ನಮ್ಮ ಮನೆಯ ಷರತ್ತು ಏನಪ್ಪಾ ಅಂದ್ರೆ, ಭಾನುವಾರ 7 ಗಂಟೆಗೆ ಹಾಸನದಲ್ಲಿ ಇರ್ಬೇಕು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಂದೇ ಸಲ ಹತ್ಕೊಳ್ಳೋ ಹೊತ್ತಿಗೆ ನಾವು ಬಸ್ ಸ್ಟ್ಯಾಂಡ್‌ನಲ್ಲಿ ಬ್ಯಾಗ್ ಇಳಿಸ್ತಾ ಇದ್ವಿ. ಅಪ್ಪ ಸ್ಕೂಟರ್ ಹತ್ರ ನಿಂತು ವಾಚ್ ನೋಡ್ಕೊಳ್ತಿದ್ರು.

ಇದು ಟ್ರಿಪ್ ಪೋಸ್ಟ್ ಅಂತ ಬಂದವರು ಸ್ವಲ್ಪ ಕೂತ್ಕೊಳ್ಳಿ. ಉದ್ದ ಇದೆ.

2/8
ಮೊದಲು ಖರ್ಚು. ಬಿಕಾಂ ಓದೋಳು, ಲೆಕ್ಕ ಕೊಡದೆ ಇರೋಕಾಗಲ್ಲ. ಎರಡು ದಿನ, ನಾಲ್ಕು ಜನ, ತಲೆಗೆ ಇಷ್ಟು:

ಹಾಸನ–ಮೈಸೂರು ಬಸ್, ಹೋಗಿ ಬರೋದು: 0
ಮೈಸೂರಲ್ಲಿ ಸಿಟಿ ಬಸ್: 0
ಆಟೋ: 160
ಊಟ, ತಿಂಡಿ, ಕಬ್ಬಿನ ಹಾಲು, ಮತ್ತೆ ಕಬ್ಬಿನ ಹಾಲು: 510
ಅರಮನೆ, ಝೂ ಟಿಕೆಟ್: 240
ಉಳ್ಕೊಂಡ ಮನೆಯ ಚಿಕ್ಕಮ್ಮಂಗೆ ಹೂವು, ಹಣ್ಣು: 90
ಕ್ಲಿನಿಕ್: 150 (ಇದರ ಕಥೆ ಆಮೇಲೆ)
ಒಟ್ಟು: 1,150

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗ ನಾವಿನ್ನೂ ಪಿಯುಸಿಗೆ ಬಂದಿದ್ವಿ ಅಷ್ಟೆ. ಈಗ ಎಕ್ಸ್‌ಪ್ರೆಸ್ ಬಸ್ ಹತ್ತಿ ಆಧಾರ್ ತೋರಿಸಿದ್ರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡ್ತಾರೆ. ದುಡ್ಡಿಲ್ಲ ಅನ್ನೋ ಕಾರಣ ನಮಗೆ ಮುಗೀತು. ಆದ್ರೆ ಮನೆ ಹೊಸ್ತಿಲು ದಾಟೋ ಟಿಕೆಟ್ ಇದ್ಯಲ್ಲ, ಅದು ಇನ್ನೂ ಫ್ರೀ ಆಗಿಲ್ಲ. ಆ ಟಿಕೆಟ್ ತಗೊಳ್ಳೋಕೆ ನಮಗೆ ಐದು ವಾರ ಬೇಕಾಯ್ತು.

3/8
ಐದು ವಾರ ಏನಾಯ್ತು? ಹೊರಟಿದ್ದು ಆರು ಜನ. ಒಬ್ಬಳಿಗೆ "ಮದುವೆ ಆದ್ಮೇಲೆ ಗಂಡನ ಜೊತೆ ಎಲ್ಲಿಗೆ ಬೇಕಾದ್ರೂ ಹೋಗು" ಅಂದ್ರು. ಇನ್ನೊಬ್ಬಳಿಗೆ ಏನೂ ಅನ್ಲಿಲ್ಲ, ಅಮ್ಮ ಎರಡು ದಿನ ಮಾತು ಬಿಟ್ರು, ಅವಳೇ ಬೇಡ ಅಂದ್ಲು. ಉಳಿದಿದ್ದು ನಾಲ್ಕು.

ಒಂದು ಲಾಡ್ಜ್‌ಗೆ ಫೋನ್ ಮಾಡಿದ್ವಿ. "ಬರೀ ಹುಡುಗೀರಾ? ಜೊತೆಗೆ ದೊಡ್ಡೋರು ಯಾರೂ ಇಲ್ವಾ? ರೂಮ್ ಇಲ್ಲಮ್ಮ." ರೂಮ್ ಇದ್ಯಾ ಅಂತ ನಾವಿನ್ನೂ ಕೇಳೇ ಇರ್ಲಿಲ್ಲ. ಕೊನೆಗೆ ನಮ್ಮಲ್ಲೊಬ್ಬಳ ಚಿಕ್ಕಮ್ಮ ಸರಸ್ವತಿಪುರಂನಲ್ಲಿ ಇದ್ದಾರೆ ಅಂತಾಯ್ತು, ಆಗ ನಮ್ಮಪ್ಪ ಒಪ್ಪಿದ್ರು.

ಅಪ್ಪ ಕೇಳಿದ ಪ್ರಶ್ನೆಗಳ ಮೇಲೆ ನಂಗೆ ಸಿಟ್ಟಿಲ್ಲ. ಎಲ್ಲಿ ಮಲಗ್ತೀರಿ, ಯಾರ ನಂಬರ್ ಕೊಡ್ತೀಯ, ಯಾವ ಬಸ್ಸು. ಒಳ್ಳೇ ಪ್ರಶ್ನೆಗಳೇ. ಹೋದ ತಿಂಗಳು ನಮ್ಮ ತಮ್ಮ ಐದು ಜನ ಹುಡುಗರ ಜೊತೆ ಗೋಕರ್ಣಕ್ಕೆ ಹೋದ. ಹೇಳಿದ್ದು ಒಂದೇ ಮಾತು, "ಹೋಗ್ಬರ್ತೀನಿ." ಎಲ್ಲಿ ಮಲಗಿದ್ದ ಅಂತ ಇವತ್ತಿಗೂ ಮನೇಲಿ ಯಾರಿಗೂ ಗೊತ್ತಿಲ್ಲ. ಅವನಿಗೆ ಈಜೂ ಬರಲ್ಲ, ಹೋಗಿದ್ದು ಸಮುದ್ರಕ್ಕೆ. ರಿಸ್ಕ್ ಲೆಕ್ಕ ಹಾಕೋದಾದ್ರೆ ಯಾರಿಗೆ ಜಾಸ್ತಿ ಪ್ರಶ್ನೆ ಕೇಳ್ಬೇಕಿತ್ತು? ನನಗೆ ಕೇಳಿದ್ದು ತಪ್ಪಲ್ಲ. ಅವನಿಗೆ ಕೇಳದೆ ಇದ್ದಿದ್ದು ತಪ್ಪು.

4/8
ಫೋಟೋ 4, ಶನಿವಾರ. ದೇವರಾಜ ಮಾರ್ಕೆಟ್. ಕುಂಕುಮದ ಗುಡ್ಡೆ ಎಲ್ಲರೂ ಹಾಕ್ತಾರೆ, ನಾನೂ ಹಾಕಿದ್ದೀನಿ. ಬೆಳಿಗ್ಗೆ ಅರಮನೆ ನೋಡಿದ್ವಿ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟು ಹೋದ್ಮೇಲೆ ಕಟ್ಟಿದ್ದು ಇದು, ಮುಗಿದಿದ್ದು 1912ರಲ್ಲಿ. ಚಪ್ಪಲಿ ಹೊರಗೆ ಬಿಡ್ಬೇಕು. ಏಪ್ರಿಲ್ ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಾಲ್ಕು ಜನ ಕುಣ್ಕೊಂಡು ಓಡಿದ ವಿಡಿಯೋ ಇದೆ, ಹಾಕಲ್ಲ.

ಮಧ್ಯಾಹ್ನ ಝೂನಲ್ಲಿ ನಮಗಿಂತ ಪ್ರಾಣಿಗಳಿಗೆ ಬುದ್ಧಿ ಜಾಸ್ತಿ ಅನ್ನಿಸ್ತು, ಎಲ್ಲಾ ನೆರಳಲ್ಲಿ ಮಲಗಿದ್ವು. ರಾತ್ರಿ ಚಿಕ್ಕಮ್ಮನ ಮನೆ ಮಹಡಿ ಮೇಲೆ ಚಾಪೆ ಹಾಕ್ಕೊಂಡು ಎರಡು ಗಂಟೆ ತನಕ ಮಾತು. ಏನು ಮಾತಾಡಿದ್ವಿ ಅಂತ ಕೇಳಿದ್ರೆ ಹೇಳೋಕೆ ಏನೂ ಇಲ್ಲ. ಯಾರೂ "ಸಾಕು ಮಲಗ್ರೇ" ಅನ್ಲಿಲ್ಲ, ಯಾರಿಗೂ ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕೋದು ಇರ್ಲಿಲ್ಲ. ಅಷ್ಟಕ್ಕೇ ಅಷ್ಟು ಖುಷಿ ಆಯ್ತು.

5/8
ಭಾನುವಾರ. ಚಾಮುಂಡಿ ಬೆಟ್ಟ ಮೆಟ್ಟಿಲು ಹತ್ತೋಣ, 6ಕ್ಕೆ ಹೊರಡೋಣ ಅಂತ ಪ್ಲಾನು. ಎರಡಕ್ಕೆ ಮಲಗಿದವರು ಆರಕ್ಕೆ ಏಳ್ತಾರಾ? ಮೆಟ್ಟಿಲ ಬುಡಕ್ಕೆ ಹೋದಾಗ 9 ದಾಟಿತ್ತು. ಸಾವಿರ ಮೆಟ್ಟಿಲು, ಖಾಲಿ ಹೊಟ್ಟೆ, ನಾಲ್ಕು ಜನಕ್ಕೆ ಒಂದು ಬಾಟಲ್ ನೀರು. ಇದು ನಮ್ಮ ತಪ್ಪೇ, ಯಾರ ಮೇಲೂ ಹಾಕಲ್ಲ.

ನಂದಿ ಹತ್ರ ಬರೋ ಹೊತ್ತಿಗೆ ಒಬ್ಬಳು ಕೂತ್ಬಿಟ್ಲು. (ಹೆಸರು ಬರೀಬೇಡ ಅಂದಿದ್ದಾಳೆ. ಉಳಿದಿದ್ದು ಅವಳೇ ಓದಿ ಹಾಕು ಅಂದ್ಲು.) ಕಣ್ಣು ಕತ್ತಲೆ, ವಾಂತಿ, ಕೈಯೆಲ್ಲ ತಣ್ಣಗೆ. ಹೂವು ಮಾರೋ ಅಜ್ಜಿ ಓಡಿ ಬಂದು ತನ್ನ ಕೊಡೆ ಹಿಡಿದು, ಸೆರಗಲ್ಲಿ ಗಾಳಿ ಹಾಕಿದ್ರು. ನಂದಿ ತನಕ ರಸ್ತೆ ಇರೋದ್ರಿಂದ ಆಟೋ ಸಿಕ್ತು. ಕೆಳಗೆ ಒಂದು ಕ್ಲಿನಿಕ್‌ಗೆ ಹೋದ್ವಿ.

ಡಾಕ್ಟ್ರು ನೋಡಿ, ಬಿಸಿಲಿಗೆ ನೀರು ಕಮ್ಮಿ ಆಗಿದೆ, ಡ್ರಿಪ್ ಹಾಕ್ತೀನಿ, ವಾಂತಿಗೆ ಒಂದು ಇಂಜೆಕ್ಷನ್ ಅಂದ್ರು. ಆಮೇಲೆ ಕೇಳಿದ್ರು, "ಯಾವ್ದಾದ್ರೂ ಇಂಜೆಕ್ಷನ್ ಆಗಲ್ವಾ ನಿಂಗೆ?"

ಅವಳು, "ಚಿಕ್ಕೋಳಿದ್ದಾಗ ಒಂದು ಸಲ ಮೈಯೆಲ್ಲ ಗಂಧೆ ಎದ್ದಿತ್ತು ಸರ್. ಯಾವ್ದಕ್ಕೆ ಅಂತ ಗೊತ್ತಿಲ್ಲ. ಅಮ್ಮಂಗೆ ಗೊತ್ತು."

"ಹಾಗಾದ್ರೆ ಅಮ್ಮಂಗೆ ಫೋನ್ ಮಾಡು."

ಅವಳು ನನ್ನ ಕೈ ಹಿಡ್ಕೊಂಡು "ಬೇಡ ಕಣೇ" ಅಂದ್ಲು. ಯಾಕಂದ್ರೆ ಅವರಮ್ಮನ ಪ್ರಕಾರ ಅವಳು ಹಾಸನದಲ್ಲೇ ನಮ್ಮನೇಲಿ ಕೂತು ಕಾಸ್ಟ್ ಅಕೌಂಟಿಂಗ್ ಓದ್ತಾ ಇದ್ಲು.

6/8
ಫೋನ್ ಮಾಡಿದ್ದು ನಾನು. "ಆಂಟಿ, ನಾವು ಮೈಸೂರಲ್ಲಿದ್ದೀವಿ" ಅಂದೆ. ಆ ಕಡೆ ಏನೂ ಇಲ್ಲ. ಕಟ್ ಆಯ್ತೇನೋ ಅಂತ ಫೋನ್ ನೋಡ್ದೆ. ಆಮೇಲೆ ಇಂಜೆಕ್ಷನ್ ವಿಷಯ ಹೇಳಿದೆ. ತಕ್ಷಣ ಹೆಸರು ಹೇಳಿದ್ರು, ಯಾವ ವರ್ಷ ಅಂತಾನೂ ಹೇಳಿದ್ರು, ಡಾಕ್ಟ್ರಿಗೆ ಕೊಡು ಅಂದ್ರು, ಮಾತಾಡಿದ್ರು. ಬೈಲಿಲ್ಲ. ಕೊನೆಗೆ ನನ್ನ ಹತ್ರ ಒಂದೇ ಮಾತು: "ಕೇಳಿದ್ರೆ ಕಳಿಸ್ತಿರ್ಲಿಲ್ಲ ಅಂತ ಅವಳಿಗೆ ಗೊತ್ತಿತ್ತು, ಅಲ್ವೇನಮ್ಮ."

ನಂಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಹೌದು ಅಂದೆ.

ಎರಡು ಗಂಟೆ ಡ್ರಿಪ್. ಅವಳು ಸರಿ ಹೋದ್ಲು. ಎದ್ದು ಮೊದಲು ಕೇಳಿದ್ದು "ಮೈಲಾರಿ ದೋಸೆ ಹೋಯ್ತಾ?" ಅಂತ. ಹೋಯ್ತು. ಮೊಸರನ್ನ ತಿಂದು 4 ಗಂಟೆ ಬಸ್ ಹತ್ತಿದ್ವಿ.

7/8
ಈಗ ನನ್ನ ಅಭಿಪ್ರಾಯ. ಒಪ್ಪದೆ ಇರೋರು ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ.

ಹುಡುಗೀರಿಗೆ: ಸುಳ್ಳು ಹೇಳಿ ಹೋಗ್ಬೇಡಿ. ಸುಳ್ಳು ಪಾಪ ಅಂತ ಹೇಳ್ತಿಲ್ಲ, ನಾನೂ ಹೇಳಿದ್ದೀನಿ ಬೇಕಾದಷ್ಟು. ಸುಳ್ಳು ಹೇಳಿ ಹೋದ್ರೆ, ನಿಜವಾಗ್ಲೂ ಕಷ್ಟ ಬಂದಾಗ ಫೋನ್ ಮಾಡೋಕೆ ಕೈ ಬರಲ್ಲ. ಆ ಕ್ಲಿನಿಕ್‌ನಲ್ಲಿ ನಾನು ನೋಡಿದ್ದು ಅದನ್ನೇ. ಡ್ರಿಪ್ ಸೂಜಿಗೆ ಹೆದರದವಳು ಅಮ್ಮನ ನಂಬರ್‌ಗೆ ಹೆದರಿದ್ಲು. ಅಪ್ಪ ಅಮ್ಮಂಗೆ ಹೇಳೋಕಾಗಲ್ಲ ಅಂದ್ರೆ ಅಕ್ಕ, ಅತ್ತೆ, ಚಿಕ್ಕಮ್ಮ, ದೊಡ್ಡೋರು ಯಾರಾದ್ರೂ ಒಬ್ಬರಿಗೆ ನಿಜ ಹೇಳಿ ಹೊರಡಿ. ಯಾವ ಮಾತ್ರೆ ನಿಮಗಾಗಲ್ಲ ಅಂತ ಇವತ್ತೇ ಅಮ್ಮನ್ನ ಕೇಳಿ ಫೋನಲ್ಲಿ ಬರ್ಕೊಳ್ಳಿ.

ಆದ್ರೆ ಇಷ್ಟಕ್ಕೇ ನಿಲ್ಲಿಸಿದ್ರೆ ತಪ್ಪೆಲ್ಲ ಅವಳದ್ದೇ ಆಗುತ್ತೆ. ಅದನ್ನ ನಾನು ಒಪ್ಪಲ್ಲ. ಅವಳಿಗೆ ಸುಳ್ಳು ಯಾರೂ ಹೇಳ್ಕೊಡ್ಲಿಲ್ಲ. ಕೇಳಿದಾಗೆಲ್ಲ ಬೇಡ ಅನ್ನೋ ಮನೇಲಿ ಯಾರಾದ್ರೂ ಕೇಳೋದನ್ನೇ ಬಿಡ್ತಾರೆ. ಬೇಡ ಅಂದ್ರೆ ಮಗಳು ಮನೇಲಿ ಸೇಫ್ ಆಗಿ ಇರ್ತಾಳೆ ಅಂತ ನೀವು ಅಂದ್ಕೊಳ್ತೀರ. ಎಷ್ಟೋ ಸಲ ಅವಳು ಹೋಗೇ ಹೋಗ್ತಾಳೆ, ನಿಮಗೆ ಗೊತ್ತಿರಲ್ಲ ಅಷ್ಟೇ. ಹೆದರಿಕೆ ಇದ್ರೆ ಪ್ರಶ್ನೆ ಕೇಳಿ, ನಂಬರ್ ತಗೊಳ್ಳಿ, ರಾತ್ರಿ ಒಂದು ಕಾಲ್ ಮಾಡು ಅನ್ನಿ. ನಮ್ಮಪ್ಪ ಅದನ್ನೇ ಮಾಡಿದ್ದು. ಅದಕ್ಕೇ ಭಾನುವಾರ ಮಧ್ಯಾಹ್ನ ಕ್ಲಿನಿಕ್ ಬೆಂಚಿಂದ ಅಪ್ಪಂಗೆ ಫೋನ್ ಮಾಡೋಕೆ ನಂಗೆ ಒಂದು ಸೆಕೆಂಡೂ ಯೋಚನೆ ಬರ್ಲಿಲ್ಲ.

ಕ್ಲಾಸ್‌ನ ಹುಡುಗರಿಗೆ: "ಇಷ್ಟಕ್ಕೆ ಇಷ್ಟೊಂದು ಬಿಲ್ಡಪ್ಪಾ" ಅಂತ ರಿಪ್ಲೈ ಹಾಕಿದ್ರಲ್ಲ, ಮನೇಲಿ ನಿಮ್ಮ ಅಕ್ಕನೋ ತಂಗಿನೋ ಪರ್ಮಿಷನ್ ಕೇಳೋ ದಿನ ಅಲ್ಲೇ ಕೂತಿರಿ. "ಕಳಿಸಮ್ಮ, ನಾನು ಹೋಗಿರ್ಲಿಲ್ವಾ" ಅಂತ ಒಂದು ಮಾತು ಹೇಳಿ. ನಮ್ಮ ತಮ್ಮ ಹೇಳ್ಲಿಲ್ಲ. ಈಗ ಅವನೂ ಇದನ್ನ ಓದ್ತಾ ಇದ್ದಾನೆ.

8/8
ಸ್ನೇಹಿತೆಗೆ ಏನಾಯ್ತು ಅಂತ ಕೇಳ್ತೀರ. ಅವರಪ್ಪಂಗೆ ಇನ್ನೂ ಗೊತ್ತಿಲ್ಲ. ಅಮ್ಮ ಒಂದು ವಾರ ಸರಿಯಾಗಿ ಮಾತಾಡ್ಲಿಲ್ಲ. ಮೊನ್ನೆ ಅವರೇ ನಂಗೆ ಫೋನ್ ಮಾಡಿ, "ಮುಂದಿನ ಸಲ ಹೋಗೋದಿದ್ರೆ ನಂಗೆ ಹೇಳಿ" ಅಂದ್ರು. ಕಳಿಸ್ತೀನಿ ಅಂತ ಹೇಳಿಲ್ಲ. ಹೇಳಿ ಅಂದಿದ್ದಾರೆ. ಸದ್ಯಕ್ಕೆ ಅಷ್ಟು ಸಾಕು.

ನಮ್ಮನೇಲಿ ಭಾನುವಾರ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದ್ರು, "ಲೈಟಿಂಗ್ ಹೆಂಗಿತ್ತು?" ಅಮ್ಮ ನೋಡಿರೋದು ಒಂದೇ ಸಲ, ಮದುವೆಗೆ ಮುಂಚೆ, ಅಜ್ಜಿ ಜೊತೆ ದಸರಾದಲ್ಲಿ. "7ಕ್ಕೆ ಹಾಕೋದು ಅಮ್ಮ, ನಾವು 7ಕ್ಕೆ ಇಲ್ಲಿದ್ವಿ" ಅಂದೆ. ಅಪ್ಪ ತಟ್ಟೆ ನೋಡ್ತಾ ಊಟ ಮಾಡ್ತಿದ್ರು. ಅಮ್ಮ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿ, "ಮುಂದಿನ ಸಲ ಸೋಮವಾರ ಬೆಳಿಗ್ಗೆ ಬಸ್ಸಿಗೆ ಬಂದ್ರಾಯ್ತು ಬಿಡು" ಅಂದ್ರು.

ಅಪ್ಪ ಬೇಡ ಅನ್ಲಿಲ್ಲ.

ನಿಮ್ಮ ಮನೇಲಿ ನಿಮಗೆ ಎಷ್ಟು ಗಂಟೆ ಟೈಮ್? ಕಾಮೆಂಟಲ್ಲಿ ಗಂಟೆ ಮಾತ್ರ ಬರೀರಿ. ಅಣ್ಣ ತಮ್ಮಂದಿರದ್ದು ಎಷ್ಟು ಅಂತ ಪಕ್ಕದಲ್ಲೇ ಬರೀರಿ.

#ಹಾಸನದಿಂದ_ಮೈಸೂರಿಗೆ #ಹುಡುಗೀರ_ಟ್ರಿಪ್ #ಏಳು_ಗಂಟೆ