ಬಾಲದ ಮೇಲೆ ಬಂಡವಾಳ

ಮದುವೆಯಾದ ಮೂವತ್ತೆರಡು ವರ್ಷಗಳಲ್ಲಿ ಎಳ್ಳಮಾಸಿಗೆ ತವರಿಗೆ ಹೋಗುವುದನ್ನು ನಾನು ತಪ್ಪಿಸಿದ್ದು ಎರಡೇ ಸಲ. ನನ್ನ ತವರು ಸುಲೇಪೇಟ. ಚಿಂಚೋಳಿ ತಾಲೂಕಿನ ಈ ಊರು ಎಲ್ಲಿದೆ ಎಂದು ಬೆಂಗಳೂರಿನವರಿಗೆ ತಿಳಿಸಬೇಕಾದರೆ ಮೊದಲು ವಾಡಿ ಜಂಕ್ಷನ್ ಹೇಳಬೇಕು, ಆಮೇಲೆ ಸೇಡಂ ಹೇಳಬೇಕು, ಅಷ್ಟರಲ್ಲಿ ಅವರ ಲಕ್ಷ್ಯ ಬೇರೆಲ್ಲೋ ಹೋಗಿರುತ್ತದೆ. ಹೋದ ಎಳ್ಳಮಾಸಿಗೂ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿರೊಟ್ಟಿ, ಕಡುಬು, ಶೇಂಗಾ ಹೋಳಿಗೆ ಎಲ್ಲ ಮುಗಿಸಿ ಬೇವಿನ ಗಿಡದ ನೆರಳಿಗೆ ಕಾಲು ಚಾಚಿದ್ದೆವು. ಆಗ ಅಣ್ಣನ ಮಗ ಮೊಬೈಲು ಹಿಡಿದುಕೊಂಡು ನನ್ನ ಮಗ್ಗುಲಿಗೆ ಬಂದು ಕೂತ.

"ಅತ್ತಿ, ಅವ್ವಗ ನೀವೊಂದು ಮಾತು ಹೇಳ್ರಿ. ನೀವು ಹೇಳಿದ್ರ ಕೇಳ್ತಾಳ."

ವಿಷಯ ಇಷ್ಟು. ಹತ್ತು ಮಂದಿ ಹೆಣ್ಣುಮಕ್ಕಳು ತಿಂಗಳಿಗೆ ನಾಲ್ಕು ನಾಲ್ಕು ಸಾವಿರ ಹಾಕುವ ಭಿಶಿಯಲ್ಲಿ ಆ ತಿಂಗಳ ಸರದಿ ನಮ್ಮ ವೈನಿಯದು. ನಲವತ್ತು ಸಾವಿರ ರೂಪಾಯಿ ಕೈಗೆ ಬಂದಿತ್ತು. ವೈನಿ ನಾಲ್ಕು ವರ್ಷದಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಕಲಬುರಗಿಗೂ ಹೈದರಾಬಾದಿಗೂ ಕಳಿಸುತ್ತಾರೆ. ಆ ರೊಕ್ಕದಲ್ಲಿ ಮನೆಗೇ ಒಂದು ಸಣ್ಣ ಹಿಟ್ಟಿನ ಗಿರಣಿ ತರಬೇಕೆಂಬುದು ಅವರ ಲೆಕ್ಕ. ಮಗನ ಲೆಕ್ಕ ಬೇರೆ. ಅವನು ಅದರಲ್ಲಿ ಹೆಸರುಗಳನ್ನು ಕೊಳ್ಳಬೇಕಂತೆ!

ಹೆಸರು ಕೊಳ್ಳುವುದೆಂದರೇನು ಎಂದು ನೀವೂ ಹುಬ್ಬೇರಿಸಿರಬಹುದು, ನಾನೂ ಏರಿಸಿದೆ. ಅಂತರಜಾಲದಲ್ಲಿ ಅಂಗಡಿ ತೆರೆಯಬೇಕಾದರೆ ಅದಕ್ಕೊಂದು ವಿಳಾಸ ಬೇಕು. ಆ ವಿಳಾಸದ ಕೊನೆಯಲ್ಲಿ ಚುಕ್ಕೆಯ ನಂತರ ಬರುತ್ತದಲ್ಲ, ಕಾಂ ಎಂದೋ ಇನ್ ಎಂದೋ, ಅದೇ ಬಾಲ. 1985ರಿಂದ ಇರುವುದು ಕಾಂ. ನಮ್ಮ ದೇಶದ ಬಾಲ ಇನ್. ಅದು ಎಲ್ಲರಿಗೂ ಸಲೀಸಾಗಿ ಸಿಗತೊಡಗಿದ್ದು 2005ರಿಂದ. ಬಹಳ ಕಾಲ ಇಂಥ ಬಾಲಗಳು ಬೆರಳೆಣಿಕೆಯಷ್ಟೇ ಇದ್ದವು. ಅಮೆರಿಕದಲ್ಲಿರುವ ಐಕ್ಯಾನ್ ಎಂಬ ಸಂಸ್ಥೆ 2012ರಲ್ಲಿ ಬಾಗಿಲು ತೆರೆದು, ಹೊಸ ಬಾಲ ಬೇಕಾದವರು ಅರ್ಜಿ ಹಾಕಿ ಎಂದಿತು. ಒಂದು ಅರ್ಜಿಗೆ ಶುಲ್ಕ 1,85,000 ಡಾಲರ್. ಬಂದ ಅರ್ಜಿ 1,930! ಅದರಿಂದ ಸಾವಿರದ ಇನ್ನೂರಕ್ಕೂ ಮಿಕ್ಕಿ ಹೊಸ ಬಾಲ ಹುಟ್ಟಿದವು. ಶಾಪ್, ಸ್ಟೋರ್, ಆನ್‌ಲೈನ್, ಎಕ್ಸ್‌ವೈಝಡ್... ಜಾತ್ರೆಯ ಬಳೆಯಂಗಡಿಯಂತೆ ಬಗೆಬಗೆ. ಮತ್ತೊಂದು ಸುತ್ತಿಗೆ 2,27,000 ಡಾಲರ್ ಎಂದು ಶುಲ್ಕವನ್ನೂ ಗೊತ್ತು ಮಾಡಿದ್ದಾರೆ.

"ಈಗ ಹಿಡಿದಿಡಬೇಕು ಅತ್ತಿ. ಮುಂದ ಬೇಕಾದವ್ರು ಹತ್ತುಪಟ್ಟು ಕೊಟ್ಟು ತಗೋತಾರ. ವಾಯ್ಸ್ ಡಾಟ್ ಕಾಂ ಅನ್ನೋ ಒಂದು ಹೆಸರು 2019ರಾಗ ಮೂರು ಕೋಟಿ ಡಾಲರ್‌ಗೆ ಹೋಗ್ಯದ!"

ಹೋಗಿದೆ, ಸುಳ್ಳಲ್ಲ. ಆದರೆ ಅದರ ಬಾಲ ಯಾವುದು? ಹಳೆಯ ಕಾಂ. ಹೊಸ ಬಾಲಕ್ಕೆ ಗಿರಾಕಿ ಹುಡುಕುವವನು ಹಳೆಯ ಬಾಲದ ಕಥೆಯನ್ನೇ ಹೇಳಬೇಕಾಗಿ ಬಂದದ್ದು ನನಗೆ ವಿಚಿತ್ರವೆನಿಸಿತು. ಕಲಬುರಗಿಯ ನಡು ಪೇಟೆಯ ಜಾಗದ ದರ ಹೇಳಿ, ಸೇಡಂ ರಸ್ತೆಯಾಚೆಯ ಎರೆಹೊಲದ ಪ್ಲಾಟು ಮಾರುವವರನ್ನು ನಾವು ಕಂಡಿಲ್ಲವೇ? ನಾಲ್ಕು ಶಹಾಬಾದ್ ಕಲ್ಲು ನೆಟ್ಟು, ಬಣ್ಣದ ನಕಾಶೆಯಲ್ಲಿ ಉದ್ಯಾನ, ಗುಡಿ, ಶಾಲೆ ಎಲ್ಲ ಬರೆದು ಮಾರಿದರು. ನಮ್ಮೆಜಮಾನರೂ ಒಂದು ಕೊಂಡರು. ಈಗ ಅಲ್ಲಿ ಜಾಲಿ ಬೆಳೆದಿದೆ. ಆದರೂ ಒಂದು ಮಾತು ಒಪ್ಪಬೇಕು: ಜಾಲಿ ಬೆಳೆದರೂ ಜಾಗ ನಮ್ಮದೇ, ಪತ್ರ ಟ್ರಂಕಿನಲ್ಲಿದೆ. ಈ ಹೆಸರುಗಳಿಗೆ ಆ ಭಾಗ್ಯವೂ ಇಲ್ಲ. ಅಲ್ಲಿ ಕೊಳ್ಳುವುದೆಂಬ ಮಾತೇ ಸುಳ್ಳು. ಎಲ್ಲವೂ ಬಾಡಿಗೆ. ವರ್ಷಕ್ಕೊಮ್ಮೆ ಕಟ್ಟಬೇಕು, ಬಹಳವೆಂದರೆ ಹತ್ತು ವರ್ಷದ್ದು ಮುಂಗಡ ಕಟ್ಟಬಹುದು. ಕಟ್ಟಲಿಲ್ಲವೋ, ಸ್ವಲ್ಪ ದಿನ ಕಾದು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ.

ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿದವಳು. ಅವನ ಪಟ್ಟಿ ಇಸಿದುಕೊಂಡೆ. ಮೂವತ್ತು ಹೆಸರು, ಮೊದಲ ವರ್ಷ ಒಂದಕ್ಕೆ ನೂರೈವತ್ತರಂತೆ ನಾಲ್ಕೂವರೆ ಸಾವಿರ. ಇನ್ನೆರಡು 'ಪ್ರೀಮಿಯಂ' ಹೆಸರು, ಅಂದರೆ ಚಂದ ಇದೆ ಎಂದು ಮಾರುವವನೇ ಹೆಚ್ಚು ಬೆಲೆ ಹಚ್ಚಿದ್ದು, ಮೂವತ್ತೈದು ಸಾವಿರ. ಅಲ್ಲಿಗೆ ಭಿಶಿ ಮುಗಿಯಿತು. ಎರಡನೆಯ ವರ್ಷ? ಅದನ್ನು ಅವನು ಬರೆದಿರಲಿಲ್ಲ. ಮೊಬೈಲಿನಲ್ಲೇ ಸಣ್ಣ ಅಕ್ಷರ ಹುಡುಕಿಸಿದೆ. ನೂರೈವತ್ತು ಮೊದಲ ವರ್ಷಕ್ಕೆ ಮಾತ್ರ. ಆಮೇಲೆ ಸರಾಸರಿ ಎರಡು ಸಾವಿರದ ಎಂಟುನೂರು. ಮೂವತ್ತಕ್ಕೆ ಎಂಬತ್ತನಾಲ್ಕು ಸಾವಿರ, ಆ ಎರಡು ಚಂದದ ಹೆಸರುಗಳನ್ನು ಬಿಟ್ಟು! ವರ್ಷಾ ವರ್ಷಾ! ಕಾಂ ಬಾಲದ ದರ ಏರಿಸಲು ಕರಾರಿನಲ್ಲಿ ಒಂದು ಮಿತಿಯಾದರೂ ಇದೆ. ಹೊಸ ಬಾಲಗಳಿಗೆ ಅದೂ ಇಲ್ಲ, ಒಡೆಯನಿಗೆ ತಿಳಿದಷ್ಟು ಏರಿಸಬಹುದು.

ಈ ವ್ಯಾಪಾರದಲ್ಲಿ ಲಾಭವೇ ಇಲ್ಲವೆಂದು ನಾನು ಹೇಳುವುದಿಲ್ಲ. ಲಾಭ ಯಾರಿಗೆ ಎಂಬುದನ್ನು ನೋಡಬೇಕು. ಕೆರಿಬಿಯನ್ ಸಮುದ್ರದಲ್ಲಿ ಅಂಗ್ವಿಲಾ ಎಂಬ ಪುಟ್ಟ ದ್ವೀಪವಿದೆ. ಅದರ ಪಾಲಿಗೆ ಬಂದ ಬಾಲ ಎಐ. ಕೃತಕ ಬುದ್ಧಿಮತ್ತೆಯ ಗದ್ದಲ ಶುರುವಾದ ಮೇಲೆ ಜಗತ್ತೆಲ್ಲ ಆ ಬಾಲಕ್ಕೆ ಮುಗಿಬಿದ್ದು, 2023ರಲ್ಲಿ ಸುಮಾರು 3 ಕೋಟಿ 20 ಲಕ್ಷ ಡಾಲರ್ ದ್ವೀಪದ ಖಜಾನೆಗೆ ಬಂತು, ಅಲ್ಲಿನ ಸರ್ಕಾರದ ಆದಾಯದ ಐದರಲ್ಲೊಂದು ಪಾಲಿಗಿಂತ ಹೆಚ್ಚು. ಜಾತ್ರೆಯಲ್ಲಿ ಯಾರ ಮಿಠಾಯಿ ಮಾರಲಿ ಬಿಡಲಿ, ಜಾಗದ ಬಾಡಿಗೆ ಎತ್ತುವವನಿಗೆ ನಷ್ಟವಿಲ್ಲ. ಅದೂ ಎಲ್ಲರಿಗೂ ಅಲ್ಲ ಎನ್ನಿ. ವೆಬ್ ಎಂಬ ಒಂದು ಬಾಲ 2016ರ ಹರಾಜಿನಲ್ಲಿ 13 ಕೋಟಿ 50 ಲಕ್ಷ ಡಾಲರಿಗೆ ಕೂಗಿತು. ಮರುವರ್ಷ ಮೆಕ್‌ಡೊನಾಲ್ಡ್ಸ್‌ನಂಥ ಕಂಪನಿ ತನ್ನದೇ ಹೆಸರಿನ ಬಾಲವನ್ನು ಬೇಡವೆಂದು ಬಿಟ್ಟುಕೊಟ್ಟಿತು. ಅಷ್ಟು ದೊಡ್ಡವರಿಗೇ ಗೊತ್ತಾಗದ್ದು ನಮ್ಮ ಭಿಶಿಯ ರೊಕ್ಕಕ್ಕೆ ಗೊತ್ತಾದೀತೇ?

ಇಷ್ಟಾದರೆ ನಾನು ಸಿಟ್ಟಿಗೇಳುತ್ತಿರಲಿಲ್ಲ. ಹುಡುಗು ಬುದ್ಧಿ ಎಂದು ನಕ್ಕು ಬಿಡುತ್ತಿದ್ದೆ. ಪಟ್ಟಿಯಲ್ಲಿದ್ದ ಹೆಸರುಗಳನ್ನು ಓದಿದ ಮೇಲೆ ಮೈ ಉರಿಯಿತು. ತೊಗರಿಬೇಳೆಯ ಹೆಸರು ನಾಲ್ಕು ಬಗೆಯಲ್ಲಿ. ಸುಲೇಪೇಟ, ಚಿಂಚೋಳಿ, ಸೇಡಂ, ಚಿತ್ತಾಪುರ ಸಾಲಾಗಿ. ಅವುಗಳ ನಡುವೆ ನಮ್ಮ ಓಣಿಯ ಬಟ್ಟೆ ಅಂಗಡಿ, ಬಸ್ ಸ್ಟ್ಯಾಂಡಿನ ಖಾನಾವಳಿ, ವೈನಿಯ ಜೊತೆಗೇ ಭಿಶಿ ಹಾಕುವ ಒಬ್ಬಾಕೆ ಹಪ್ಪಳ ಮಾರುವ ಹೆಸರು!

"ಇದೇನೋ ತಮ್ಮಾ? ಆಕಿ ಹೆಸರು ನೀ ಯಾಕ ಹಿಡೀಬೇಕು?"

"ನಾ ಹಿಡೀಲಿಲ್ಲಂದ್ರ ಬೆಂಗಳೂರಾಗ ಕುಂತಾಂವ ಯಾವನೋ ಹಿಡೀತಾನ ಅತ್ತಿ. ನಾ ಆದ್ರ ಊರಾಂವ. ಕಮ್ಮಿ ರೊಕ್ಕಕ್ಕ ಕೊಡ್ತೀನಿ."

ಹೆಣ್ಣುಮಗಳೊಬ್ಬಳು ಹತ್ತು ವರ್ಷ ಒಲೆಯ ಮುಂದೆ ಬೆಂದು ಮಾಡಿಕೊಂಡ ಹೆಸರು. ಅದನ್ನು ಇವನು ನೂರೈವತ್ತು ರೂಪಾಯಿಗೆ ಬೇಲಿ ಹಾಕಿ, ಒಳಗೆ ಬರಲು ಆಕೆಯಿಂದಲೇ ಸಾವಿರಗಟ್ಟಲೆ ವಸೂಲಿ ಮಾಡುವುದಕ್ಕೆ 'ಇನ್ವೆಸ್ಟ್‌ಮೆಂಟ್' ಎಂಬ ಗೌರವದ ಮಾತು! ನಮ್ಮಜ್ಜಿ ಇದಕ್ಕೆ ಬೇರೆ ಮಾತು ಬಳಸುತ್ತಿದ್ದಳು, ಅಚ್ಚಿನಲ್ಲಿ ಬರೆಯಲಾಗದು. ನೋಂದಾಯಿಸಿದ ವ್ಯಾಪಾರದ ಹೆಸರನ್ನು ಇನ್ನೊಬ್ಬರು ದುರುದ್ದೇಶದಿಂದ ಹಿಡಿದಿಟ್ಟರೆ ಬಿಡಿಸಿಕೊಳ್ಳಲು 1999ರಿಂದ ಅಂತರರಾಷ್ಟ್ರೀಯ ನಿಯಮವಿದೆ. ಇನ್ ಬಾಲಕ್ಕೂ ಪ್ರತ್ಯೇಕ ನಿಯಮವುಂಟು. ಆದರೆ ಶುಲ್ಕ ಕಟ್ಟಿ ದೂರು ನಡೆಸುವ ತ್ರಾಣ ಹಪ್ಪಳದಾಕೆಗೆ ಎಲ್ಲಿಂದ ಬರಬೇಕು? ನಮ್ಮ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಗುಲಬರ್ಗಾ ತೊಗರಿಬೇಳೆ ಎಂದು. ಈ ಎರೆಮಣ್ಣಿನಲ್ಲಿ ಬೆವರು ಸುರಿಸಿದವರೆಲ್ಲರ ಹೆಸರು ಅದು. ಅದನ್ನೊಬ್ಬ ಮೊಬೈಲಿನಲ್ಲಿ ಹಿಡಿದಿಡುವುದೆಂದರೇನು?

ಇನ್ನು ಹೆಸರೆಂಬುದರ ಆಯುಷ್ಯವನ್ನಾದರೂ ನೋಡಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದು ಸೇಡಂ ತಾಲೂಕಿನ ಮಳಖೇಡ. ಗುಲಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. ವಿಶ್ವವಿದ್ಯಾಲಯಕ್ಕೂ ಬೇಳೆಗೂ ಮಾತ್ರ ಹಳೆಯ ಹೆಸರೇ. 2013ರಲ್ಲಿ ಯಾರಾದರೂ ಗುಲಬರ್ಗಾ ಹೆಸರಿನ ಹತ್ತು ವಿಳಾಸ ಹಿಡಿದಿಟ್ಟಿದ್ದರೆ? ನಮ್ಮ ಸುಲೇಪೇಟವನ್ನು ರೋಮನ್ ಅಕ್ಷರದಲ್ಲಿ ಹೇಗೆ ಬರೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಕೊನೆಗೆ ಟಿ ಬರೀ ಬಂದರೆ ಒಂದು, ಎಚ್ ಸೇರಿದರೆ ಇನ್ನೊಂದು, ಎ ಬಂದರೆ ಮತ್ತೊಂದು. ಸೋದರಳಿಯ ಮೂರನ್ನೂ ಬರೆದುಕೊಂಡಿದ್ದ, ಮೂರಕ್ಕೂ ರೊಕ್ಕ!

ಕನ್ನಡದಲ್ಲೇ ಹಿಡಿಯಬಾರದೇ ಎಂದು ಕೇಳಬಹುದು. ನಾನೂ ಕೇಳಿದೆ. ಭಾರತ ಎಂಬ ಬಾಲ ದೇವನಾಗರಿಯಲ್ಲಿ 2014ರಲ್ಲಿ ಶುರುವಾಗಿ ಈಗ ಕನ್ನಡದಲ್ಲೂ ಇದೆ. ಹೆಸರೂ ಕನ್ನಡ, ಬಾಲವೂ ಕನ್ನಡ; ನನಗಂತೂ ಕಣ್ಣು ತುಂಬಿ ಬಂತು. ಆದರೆ ಯಂತ್ರ ಅದನ್ನು ಒಳಗೊಳಗೇ ರೋಮನ್ ಅಕ್ಷರದ ಅರ್ಥವಿಲ್ಲದೊಂದು ಸಾಲಾಗಿ ಬದಲಿಸಿಕೊಂಡೇ ಓದುತ್ತದೆ. ಕನ್ನಡದ ಇಮೇಲ್ ವಿಳಾಸ ಬರೆದರೆ ಎಷ್ಟೋ ಅರ್ಜಿ ನಮೂನೆಗಳು 'ತಪ್ಪು ವಿಳಾಸ' ಎಂದು ಕೆಂಪು ಗೆರೆ ಎಳೆಯುತ್ತವೆ. ಇದು ಪ್ರೀತಿಯಿಂದ ಕೊಳ್ಳಬೇಕಾದದ್ದು, ಮಾರುವ ಆಸೆಯಿಂದಲ್ಲ.

ವೈನಿ ಇಷ್ಟು ಹೊತ್ತು ಬುತ್ತಿ ಗಂಟು ಕಟ್ಟುತ್ತ ಸುಮ್ಮನಿದ್ದವರು ಬಾಯಿ ಬಿಟ್ಟರು. "ಅಲ್ಲಪಾ, ಹೋದ ವರ್ಷ ಹಪ್ಪಳದಾಕಿಗೆ ಬ್ಯಾಂಕಿನ ಹೆಸರಿಲೆ ಮೆಸೇಜ್ ಬಂದು ಒಂಬತ್ತು ಸಾವಿರ ಹೋಯ್ತಲ್ಲ, ಅದಕ್ಕೂ ಇಂಥಾದೇ ಬಾಲ ಇತ್ತಲ್ಲೇನು?"

ಇತ್ತು. ಮುಂದೆಲ್ಲ ಬ್ಯಾಂಕಿನ ಹೆಸರು, ಕೊನೆಗೊಂದು ಅಗ್ಗದ ಹೊಸ ಬಾಲ. ಅಗ್ಗವಾದ್ದರಿಂದಲೇ ಕಳ್ಳರಿಗೂ ಅದು ಪ್ರಿಯ; ಇಂದು ಹಿಡಿದು ನಾಳೆ ಬಿಟ್ಟು ಹೋದರೆ ಅವರಿಗೇನು ನಷ್ಟ? ಈ ಕಾಟ ತಾಳಲಾರದೆ ರಿಸರ್ವ್ ಬ್ಯಾಂಕು 2025ರ ಫೆಬ್ರುವರಿಯಲ್ಲಿ ಬ್ಯಾಂಕುಗಳಿಗೆಂದೇ 'ಬ್ಯಾಂಕ್ ಡಾಟ್ ಇನ್' ಎಂಬ ಮೀಸಲು ವಿಳಾಸವನ್ನು ಸಾರಿತು, ಆ ವರ್ಷದ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬರಬೇಕೆಂದು ಗಡುವು ಹಾಕಿತು. ಅದು ಬ್ಯಾಂಕಲ್ಲದವರಿಗೆ ಸಿಗುವುದಿಲ್ಲ. ಅಕ್ಕಂದಿರೇ, ಬೆಲೆ ಇರುವ ಬಾಲವೆಂದರೆ ಅದು. ಯಾರಿಗೆ ಬೇಕಾದರೂ ನೂರೈವತ್ತಕ್ಕೆ ಸಿಗುವುದನ್ನು ಹತ್ತುಪಟ್ಟು ಕೊಟ್ಟು ನಮ್ಮಿಂದ ಯಾರು ಕೊಂಡಾರು?

"ವರ್ಷಾ ವರ್ಷಾ ಬಾಡಿಗಿ ಕಟ್ಟೂದು, ಮ್ಯಾಲೆ ಮಂದೀ ಹೆಸರು. ನನಗ ಗಿರಣಿನೇ ಇರಲಿ" ಎಂದು ವೈನಿ ಗಂಟು ಬಿಗಿದರು.

ಅಳಿಯ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಾನೇ ಕರೆದು, ಅವ್ವನ ರೊಟ್ಟಿಗೆ ಒಂದು ಇನ್, ಒಂದು ಕನ್ನಡದ ಭಾರತ, ಎರಡೇ ಹೆಸರು ಅವ್ವನ ಹೆಸರಿನಲ್ಲೇ ನೋಂದಾಯಿಸು, ನನ್ನ ಪಿಂಚಣಿಯಲ್ಲಿ ಕೊಡುತ್ತೇನೆ ಎಂದೆ. ಮುಖ ಸಣ್ಣದು ಮಾಡಿಕೊಂಡೇ ಮಾಡಿದ. ಗಿರಣಿ ಸಂಕ್ರಾಂತಿಗೆ ಬಂತು. ಅದರ ಸದ್ದಿಗೆ ಪಕ್ಕದ ಮನೆಯ ಮುದುಕ ದಿನಾ ಜಗಳ ತೆಗೆಯುತ್ತಾನಂತೆ. ಹಪ್ಪಳದಾಕೆಯ ಹೆಸರು ಇನ್ನೂ ಖಾಲಿ ಇದೆ ಎಂದು ಮೊನ್ನೆ ಫೋನಿನಲ್ಲಿ ಅಳಿಯ ಹೇಳಿದ. ಹಿಡಿಯುವುದಾದರೆ ಆಕೆಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಹಿಡಿ ಎಂದಿದ್ದೇನೆ. ಹೋಗಿದ್ದಾನೋ ಇಲ್ಲವೋ, ವೈನಿಯನ್ನು ಕೇಳಬೇಕು.